ಎರಡು ಗುಂಟಿ ಬದು

ಮಹಾರಾಷ್ಟ್ರದ ಜತ್ತಿನ ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದ ನಾಹಿದಳ ಟೈಪಿಂಗ್ ಅಂಗಡಿ ಅದ. ಮಂದಿ ಆಕಿಗಿ ಹಠಮಾರಿ ಅಂತಾರ, ಬಾಯಿ ಜೋರು ಅಂತಾರ. ಎರಡೂ ಖರೇನ. ನಂದೂ ಬಾಯಿ ಜೋರು, ಅದಕ್ಕ ನಮ್ಮಿಬ್ಬರದು ಕೂಡಿ ಬಂತು. ನಾ ಮಾಡಗ್ಯಾಳದ ಮಲಕವ್ವ, ಕುರಿ ಕಾಯೋ ಅಮೋಘಸಿದ್ದಪ್ಪನ ಮಗಳು.

ನಮ್ಮಪ್ಪಗ ಓದಾಕ ಬರಿಯಾಕ ಬರ್ತಿರಲಿಲ್ಲ. ಆದ್ರ ನಮ್ಮ ಹಿಂಡಿನ ಏಳು ತಲಿಮಾರು ಅವನ ಬಾಯಾಗಿತ್ತು. ಯಾವ ಕುರಿ ಯಾವುದರ ಹೊಟ್ಟ್ಯಾಗ ಹುಟ್ಟಿತು, ಯಾವ ಟಗರು ಯಾರಿಗಿ ಕೊಟ್ಟಿವಿ, ಎಲ್ಲಾ ಹೇಳತಿದ್ದ. ಎರಡು ಸಾವಿರದ ಮೂರರಾಗ ನಾಹಿದ ಟೇಪ್ ಹಿಡ್ಕೊಂಡು ಕುರಿಹಟ್ಟಿಗಿ ಬಂದ್ಲು. ಹನ್ನೆರಡು ಕ್ಯಾಸೆಟ್ ತುಂಬಿಸಿ, ಅದನ್ನ ತನ್ನ ಕಂಪ್ಯೂಟರಿಗಿ ಇಳಿಸಿಕೊಂಡು, ಕ್ಯಾಸೆಟ್ ನನಗ ಕೊಟ್ಲು. ಮುಂದಿನ ವರ್ಷ ಅಪ್ಪ ತೀರಿಕೊಂಡ. ನನ್ನ ತಮ್ಮ ಬೀರದೇವ, ಭಾಳ ಶಾಣ್ಯಾ, ಆ ಕ್ಯಾಸೆಟ್ಟಿನ ಮ್ಯಾಲ ಲಗ್ನದ ಬ್ಯಾಂಡು ತುಂಬಿಸಿದ. ಅಪ್ಪನ ದನಿ ಉಳದದ್ದು ನಾಹಿದಳ ಕಂಪ್ಯೂಟರಿನ ಡಿಸ್ಕಿನ್ಯಾಗ ಅಷ್ಟ.

ಅದನ್ನ ಕೇಳಿ ಬರದು ಕನ್ನಡದಾಗ ಪುಸ್ತಕ ಮಾಡಬೇಕಂತ ಆಕಿ ಹಠ. ಆಕಿ ಕಂಪ್ಯೂಟರ್ ನಡಸೋ ಹಳೇ ಲಿನಕ್ಸ್ ವ್ಯವಸ್ಥಾ ಮರಾಠಿ ಲಗ್ನಪತ್ರಿಕಿ ಚಲೋ ಛಾಪಿಸ್ತಿತ್ತು, ಕನ್ನಡ ಒತ್ತಕ್ಷರ ಬಂದ್ರ ಮುರದು ಚೆಲ್ಲತಿತ್ತು. ಹೊಸ ಲಿನಕ್ಸಿನ್ಯಾಗ ಕನ್ನಡ ನೆಟ್ಟಗ ಬರ್ತಿತ್ತು. ಆದ್ರ ಹಳೇದು ತಗದ್ರ ಪ್ರಿಂಟರ್ ನಡಿಯಂಗಿಲ್ಲ, ಹೊಟ್ಟಿಪಾಡು ನಿಲ್ತದ. ಅಂದ್ರ ಒಂದ ಡಿಸ್ಕು ಪಾಲು ಮಾಡಿ ಎರಡನ್ನೂ ಇಡಬೇಕು.

ಕಂಪ್ಯೂಟರ್ ರಿಪೇರಿ ಮಾಡೋ ಅಪ್ಪಾಸಾಹೇಬ ನಕ್ಕ. "ಎಲ್ಲಾ ಅಳಿಸಿ ಹೊಸದು ಹಾಕ್ತೀನಿ ಬಿಡ್ರಿ ಅಕ್ಕಾರ. ಮಹಾರಾಷ್ಟ್ರದಾಗ ಕುಂತು ಕನ್ನಡ ಯಾಕ ಬೇಕ್ರಿ?" ಅಂದ. ಈ ಹಿಂದ ಅಪ್ಪನ ದನಿ ಸಿಡಿಗಿ ಹಾಕಿ ಕೊಡ್ತೀನಂತ ಅವನ ಎರಡು ಸಿಡಿ ಮಾಡಿ ಕೊಟ್ಟಿದ್ದ, ಎರಡೂ ನಡೀಲಿಲ್ಲ.

"ಮಾಡಗ್ಯಾಳದ ಕುರಿ ಕನ್ನಡದಾಗ ಕರದ್ರನ ಬರ್ತಾವ," ಅಂದ್ಲು ನಾಹಿದ. "ಡಿಸ್ಕು ನಿನ್ನ ಕೈಯಾಗ ಕೊಡಂಗಿಲ್ಲ. ನಾನ ಮಾಡ್ತೀನಿ."

"ಅಪ್ಪನ ದನಿ ಹೋತಂದ್ರ ನಿನ್ನ ಹೊಸ್ತಲಾ ತುಳಿಯಂಗಿಲ್ಲ ನೋಡು," ಅಂದೆ.

"ತುಳೀಬ್ಯಾಡ. ಸೋಮವಾರ ಬಾ ಅಕ್ಕಾ, ಎದುರಿಗಿ ಕುಂತು ನೋಡು," ಅಂದ್ಲು.

ಆಕಿ ಧೈರ್ಯ ಆಕಿ ಅಪ್ಪ ಬಾಬಾಲಾಲನಿಂದ ಬಂದದ್ದು. ಆತ ಅಸಂಗಿ ಕಡೆ ಅಣ್ಣತಮ್ಮಂದಿರ ಹೊಲ ಅಳದು ಪಾಲು ಮಾಡಾಂವ. ಅಳತಿ ಸರಪಳಿಯ ಇನ್ನೊಂದು ತುದಿ ಸಣ್ಣ ನಾಹಿದ ಹಿಡೀತಿದ್ಲು. ನಲವತ್ತು ಗುಂಟಿಯ ಎಕರೆಯಾಗ ಆತ ಎರಡು ಗುಂಟಿ ನಡುವ ಬದುವಿಗಿ ಬಿಡ್ತಿದ್ದ. ಸುಮ್ಮನ ನೆಲ ಹಾಳು ಮಾಡ್ತಾನಂತ ಮಂದಿ ಬೈತಿದ್ರು. "ನನ್ನ ಅಳತಿ ತಪ್ಪಿದ್ರ ಬದುವಿನ್ಯಾಗ ತಪ್ಪಲಿ," ಅಂತಿದ್ದ ಆತ, ಬದುವಿನ ಒಂದು ಗೇಣೂ ಬಿಟ್ಟು ಕೊಡತಿರಲಿಲ್ಲ.

ನಾಹಿದಳ ಡಿಸ್ಕು ನಲವತ್ತು ಜಿಬಿ. ಆಕಿ ಲೆಕ್ಕದಾಗ ಒಂದು ಜಿಬಿ ಅಂದ್ರ ಒಂದು ಗುಂಟಿ.

ಸೋಮವಾರ ಹತ್ತಕ್ಕ ಕರೆಂಟ್ ಬಂತು, ಎರಡಕ್ಕ ಹೋಗೋದು. ಪಾಲು ಮಾಡುವಾಗ ಹೊಲದಾಗ ಯಾರೂ ದುಡಿಯಬಾರದಂತ ಹೇಳಿ, ಡಿಸ್ಕು ಸುಮ್ಮನ ಬಿಟ್ಟು, ಕಂಪ್ಯೂಟರನ್ನ ಸಿಡಿಯಿಂದ ಚಾಲೂ ಮಾಡಿದ್ಲು. ಹಳೇ ಗಡಿಯ ಅಂಕಿ ಹಾಳ್ಯಾಗ ಬರಕೊಂಡ್ಲು. ಹಳೇ ಲಿನಕ್ಸಿನ ಸಾಮಾನೆಲ್ಲಾ, ಅಪ್ಪನ ದನಿ ಸೈತ, ಮೊದಲ ಇಪ್ಪತ್ತು ಗುಂಟಿಯಾಗ ಒತ್ತಿ ಕೂಡಿಸಾಕ ಹಚ್ಚಿದ್ಲು. ಅದು ಮುಗಿಯೂತನ ಒಂದಾತು. ನಾ ನಡುವ ನಾಲ್ಕು ಸಲ ಎದ್ದು ನಿಂತೆ, ಆಕಿ ಒಂದು ಸಲಾನೂ ಏಳಲಿಲ್ಲ. ಆಮ್ಯಾಲ ಇನ್ನೊಂದು ಪ್ರೋಗ್ರಾಮಿನ್ಯಾಗ, ಎರಡು ಗುಂಟಿ ಬದುವಿಗಿ ಬಿಟ್ಟು, ಇಪ್ಪತ್ತೆರಡಕ್ಕ ಗಡಿ ಹಾಕಿ, ಅದರಾಚಿ ಹೊಸ ಲಿನಕ್ಸ್ ಬಿತ್ತಿದ್ಲು.

ಅಪ್ಪಾಸಾಹೇಬ ಅಷ್ಟೊತ್ತಿಗೆ ನೋಡಾಕ ಬಂದು ಹಾಳಿ ಎತ್ತಿಕೊಂಡ. "ಎರಡು ಜಿಬಿ ಹಾಳು ಮಾಡೀರಲ್ರಿ," ಅಂದ. ಪರದೆ ಮ್ಯಾಗಿನ ಅಂಕಿ ಓದಿದ. ಮತ್ತ ಓದಿದ. ಅವನ ನಗಿ ನಿಂತು ಹೋತು.

"ಏನಾತೋ, ಹೇಳು," ಅಂದೆ ನಾ.

"ಎರಡೂ ಪ್ರೋಗ್ರಾಮಿನ ಜಿಬಿ ಬ್ಯಾರೆ ಬ್ಯಾರೆ ಅವ. ಒತ್ತಿದ್ದು ದೊಡ್ಡ ಅಳತಿಲೆ, ಗಡಿ ಹಾಕಿದ್ದು ಸಣ್ಣ ಅಳತಿಲೆ. ಇವರ ಇಪ್ಪತ್ತು ಖರೇವಂದ್ರ ಇಪ್ಪತ್ತೊಂದೂವರೆ. ಇಪ್ಪತ್ತಕ್ಕ ಗಡಿ ಹಾಕಿದ್ರ ಒಂದೂವರೆ ಕೊಯ್ದು ಹೋಗತಿತ್ತು, ಹೊಸದು ಅದರ ಮ್ಯಾಲ ಕುಂದ್ರತಿತ್ತು."

ನಾಹಿದ ಹಾಳಿ ಇಸಕೊಂಡು ಅಂಕಿ ನೋಡಿದ್ಲು. ತಪ್ಪು ಆಕೀದ, ಆಕಿ ಮುಚ್ಚಿಡಲಿಲ್ಲ. "ಅಳತಿ ನಾ ತಪ್ಪಿದೆ," ಅಂದ್ಲು. "ಬದು ನಮ್ಮಪ್ಪಂದು."

"ಅರ್ಧ ಜಿಬಿ ಇನ್ನೂ ಖಾಲಿ ಉಳದದ್ರಿ. ಹಳೇದಕ್ಕ ಕೂಡಿಸಿ ಕೊಡ್ಲಿ?" ಅಂದ ಅಪ್ಪಾಸಾಹೇಬ. ಈ ಸಲ ಅವನ ದನಿ ಮೆತ್ತಗಿತ್ತು.

"ಕೈ ಹಚ್ಚಬ್ಯಾಡ. ಬದು ಬಿತ್ತಂಗಿಲ್ಲ ನಾವು."

ಎರಡಕ್ಕ ಹತ್ತು ನಿಮಿಷ ಇತ್ತು. ಆಕಿ ಹಳೇ ಲಿನಕ್ಸ್ ಚಾಲೂ ಮಾಡಿ, ಮೊದಲನೇ ಕ್ಯಾಸೆಟ್ಟಿನಿಂದ ಇಳಿಸಿದ್ದನ್ನ ಹಚ್ಚಿದ್ಲು. ನಾ ಬಾಗಲಾಗ ಚಪ್ಪಲಿ ಮೆಟ್ಟಿ ನಿಂತಿದ್ದೆ, ದನಿ ಹೋಗಿದ್ರ ಹಂಗ ಹೊಂಡೋದಂತ. ಮೊದಲ ಕುರಿಗಂಟಿ ಸಪ್ಪಳ ಬಂತು. ಆಮ್ಯಾಲ ಅಪ್ಪನ ದನಿ, ಕುರಿಗಳ ಹೆಸರು ಹೇಳೂ ಮೊದಲ ಪ್ರತಿ ಸಲ ನನಗ ಗದರಿಸತಿದ್ದಂಗ: "ಮಲಕವ್ವ, ಎಲ್ಲಿಗೆ ಹೊಂಟಿ? ಕುಂದ್ರು, ಕೇಳು."

ನಾ ಚಪ್ಪಲಿ ಬಿಟ್ಟು ಕುಂತೆ.