ಹೊರಟವಳನ್ನು ಹಿಂದಿನಿಂದ ಕರೆಯಬಾರದು

ನಾನು ಹೋಗಬೇಕಾಗಿದ್ದದ್ದು ದಾಸರಹಳ್ಳಿಗೆ. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಕೂತವಳಿಗೆ, ಎಲ್ಲರೂ ಇಳಿದುಹೋದ ಮೇಲೆ, ಗಾರ್ಡ್ ಬಂದು "ಮೇಡಂ, ಲಾಸ್ಟ್ ಸ್ಟಾಪು, ಇಳೀರಿ" ಅಂದ. ಹೊರಗೆ ನೋಡಿದರೆ ರೇಷ್ಮೆ ಸಂಸ್ಥೆ ಸ್ಟೇಷನ್. ನಗರದ ಉತ್ತರಕ್ಕೆ ಹೋಗಬೇಕಾದವಳು ಉಲ್ಟಾ ದಿಕ್ಕಿನ ರೈಲು ಹತ್ತಿ ದಕ್ಷಿಣದ ತುದಿಗೆ ಬಂದು ಕೂತಿದ್ದೆ. ನಿದ್ದೆ ಮಾಡಿರಲಿಲ್ಲ ಕಣ್ರೀ, ಕಣ್ಣು ಬಿಟ್ಟುಕೊಂಡೇ ಇದ್ದೆ. ಎದುರಿಗಿದ್ದ ಹೆಂಗಸಿನ ಸೀರೆ ಅಂಚಿನಿಂದ ಶುರುವಾದ ಯೋಚನೆ ನಮ್ಮೂರು ದಾವಣಗೆರೆಯ ಚೌಕಿಪೇಟೆಯನ್ನೆಲ್ಲ ಸುತ್ತಿ ಇನ್ನೆಲ್ಲಿಗೋ ಹೊರಟಿತ್ತು. ಆ ಹೊತ್ತಿಗೆ ನನ್ನ ಶಾಲೆಯಲ್ಲಿ ಪ್ರಾರ್ಥನೆಯ ಗಂಟೆ ಹೊಡೆದಿರಬೇಕು.

ಯಜಮಾನರಿಗೆ ಬೆಂಗಳೂರಿಗೆ ವರ್ಗವಾದಾಗ ನಾವು ಸುಬ್ರಹ್ಮಣ್ಯಪುರದಲ್ಲಿ ಮನೆ ಹಿಡಿದೆವು. ನನಗೆ ಕನ್ನಡ ಟೀಚರ್ ಕೆಲಸ ಸಿಕ್ಕಿದ್ದು ಮಾತ್ರ ದಾಸರಹಳ್ಳಿಯಾಚೆ. ಬನಶಂಕರಿವರೆಗೆ ಬಸ್ಸು, ಆಮೇಲೆ ಮೆಟ್ರೊ, ಆಮೇಲೆ ಆಟೊ. ನಮ್ಮೂರಲ್ಲಿ ಅಷ್ಟು ಹೊತ್ತು ಪ್ರಯಾಣ ಮಾಡಿದರೆ ನೆಂಟರ ಮನೆಗೆ ಹೋಗಿ ಊಟ ಮಾಡಿ ವಾಪಸ್ ಬರಬಹುದು. ಇಲ್ಲಿ ಅದಕ್ಕೆ "ಡೈಲಿ ಅಪ್ ಅಂಡ್ ಡೌನ್" ಅಂತಾರೆ, ಅಷ್ಟೇ. ನಾವು ಮಂಡಕ್ಕಿ ಅನ್ನುವುದಕ್ಕೆ ಇವರು ಪುರಿ ಅನ್ನುತ್ತಾರೆ. ಅಂಗಡಿಯವನ ಹತ್ತಿರ ಅದಕ್ಕೂ ಜಗಳ ಕಾದಿದ್ದೇನೆ. ಮೊದಲ ತಿಂಗಳುಗಳಲ್ಲಿ ಜಗಳಕ್ಕಾದರೂ ಒಬ್ಬರು ಸಿಕ್ಕಿದರಲ್ಲ ಅಂತ ಸಮಾಧಾನವಾಗುತ್ತಿತ್ತು. ಅಷ್ಟು ಒಂಟಿ ಅನ್ನಿಸುತ್ತಿತ್ತು.

ಛತ್ರಿ ಕಳೆದೆ, ಮೆಟ್ರೊ ಕಾರ್ಡ್ ಕಳೆದೆ, ಒಲೆಯ ಮೇಲೆ ಹಾಲಿಟ್ಟು ಬಸ್ ಸ್ಟಾಪಿನವರೆಗೆ ಹೋಗಿ ಓಡಿ ಬಂದೆ. ಯಾರಿಗೆ ಹೇಳಿದರೂ ಒಂದೇ ಉತ್ತರ: ಬೆಂಗಳೂರಲ್ಲಿ ಓಡಾಡೋರ ತಲೆ ಎಲ್ಲಾ ಹಿಂಗೇ. ನಾನೂ ನಂಬಿದ್ದೆ. ಟ್ರಾಫಿಕ್ಕಿಗೆ ಬೈದರೆ ಯಾರಿಗೂ ಬೇಜಾರಿಲ್ಲ ನೋಡಿ.

ಕೆಳಗಿನ ಮನೆಯಲ್ಲಿ ನಮ್ಮ ಓನರ್ ಜಯಮ್ಮ ಆಂಟಿ ಇದ್ದಾರೆ. ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲೇ ಇರುವವರು. ನನ್ನ ಮೇಲೆ ಅವರಿಗೆ ವಿಪರೀತ ಅಕ್ಕರೆ. ಏನಾದರೂ ಮರೆತು ಅರ್ಧ ದಾರಿಯಿಂದ ವಾಪಸ್ ಬಂದರೆ ಹಾಗೇ ಹೊರಡಲು ಬಿಡುತ್ತಿರಲಿಲ್ಲ. ಕೂರಿಸಿ, ಒಂದು ಲೋಟ ನೀರು ಕುಡಿಸಿಯೇ ಕಳಿಸುತ್ತಿದ್ದರು. ಹೊರಟ ಕೆಲಸ ಕೆಡಬಾರದಲ್ಲ. ಆ ನೀರು ಕುಡಿಯುವಷ್ಟರಲ್ಲಿ ನನ್ನ ಬಸ್ಸು ಹೋಗಿರುತ್ತಿತ್ತು.

ಒಂದು ದಿನ ಹತ್ತನೇ ಕ್ಲಾಸಿನ ಉತ್ತರ ಪತ್ರಿಕೆಗಳನ್ನು ಕೊಡಬೇಕಿತ್ತು. ಮಕ್ಕಳ ಅಪ್ಪ-ಅಮ್ಮಂದಿರೆಲ್ಲ ಶಾಲೆಗೆ ಬರುವ ದಿನ. ತಿದ್ದಿದ ಕಟ್ಟು ತುಂಬಿದ ಚೀಲ ದಾಸರಹಳ್ಳಿಯಲ್ಲಿ ಇಳಿದಾಗ ನನ್ನ ಕೈಯಲ್ಲಿರಲಿಲ್ಲ. ಮೆಟ್ರೊದಲ್ಲೇ ಬಿಟ್ಟೆ ಅಂತ ಸ್ಟೇಷನ್ನಿನವರನ್ನು ಕೇಳಿದೆ, ಗಾರ್ಡ್‌ಗಳನ್ನು ಕೇಳಿದೆ, ಪ್ಲಾಟ್‌ಫಾರಂ ಮೇಲೆ ನಿಂತು ಅತ್ತೆ. ಪ್ರಿನ್ಸಿಪಾಲರು ಕೂಗಾಡಲಿಲ್ಲ, ಅದಕ್ಕೇ ಹೆದರಿಕೆಯಾಯಿತು. ಮೊದಲು ಡಾಕ್ಟರಿಗೆ ತೋರಿಸಿಕೊಳ್ಳಿ, ಮುಂದಿನ ವರ್ಷ ನಿಮ್ಮನ್ನು ಇಟ್ಟುಕೊಳ್ಳುವುದೋ ಬೇಡವೋ ಆಮೇಲೆ ನೋಡೋಣ ಅಂದರು. ಬಂದವರೆಲ್ಲ ಬರಿಗೈಯಲ್ಲಿ ಹೋದರು.

ಸಂಜೆ ಮನೆಗೆ ಬಂದರೆ ಆ ಚೀಲ ಜಯಮ್ಮ ಆಂಟಿಯ ದೇವರ ಮನೆಯಲ್ಲಿ, ಅರಿಶಿನ ಕುಂಕುಮದ ಪಕ್ಕ ಭದ್ರವಾಗಿ ಕೂತಿತ್ತು. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಕಟ್ಟೆಯ ಮೇಲೆ ಇಟ್ಟವಳು ಹಾಗೇ ಹೊರಟಿದ್ದೆ.

"ನೋಡ್ದೆ ಕಣಮ್ಮ. ಹೊರಟೋರನ್ನ ಹಿಂದಿಂದ ಕರೀಬಾರ್ದು ಅಂತ ಸುಮ್ನಾದೆ" ಅಂದರು. ಫೋನಾದರೂ ಮಾಡಬಹುದಿತ್ತಲ್ಲ ಆಂಟಿ ಅಂದೆ. "ಫೋನ್ ಮಾಡಿದ್ರೂ ಹಿಂದಿಂದ ಕರೆದಂಗೇ ಅಲ್ವಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಷ್ಟು ಒಳ್ಳೆಯ ಮನಸ್ಸಿನಿಂದ ನನ್ನ ನೌಕರಿಗೆ ಕಲ್ಲು ಹಾಕಿದ್ದರು ಮಹಾತಾಯಿ!

ಯಜಮಾನರು ವರ್ಗ ಕೇಳುತ್ತೇನೆ, ದಾವಣಗೆರೆಗೇ ಹೋಗಿಬಿಡೋಣ ಅಂದರು. ನನಗೆ ಸಿಟ್ಟು ಬಂತು. ಊರು ಬೇಡವೆಂದಲ್ಲ. ಆದರೆ ಸೋತು ಹೋಗುವುದು ಬೇಕಿರಲಿಲ್ಲ. ಪಾಠ ಮಾಡುವುದೊಂದು ನನಗೆ ಚೆನ್ನಾಗಿ ಬರುತ್ತದೆ, ಅದನ್ನೂ ಬಿಟ್ಟರೆ ನನ್ನದು ಅಂತ ಏನು ಉಳಿಯುತ್ತದೆ?

ಜಯನಗರದಲ್ಲಿ ಮನೋವೈದ್ಯೆಯೊಬ್ಬರ ಹತ್ತಿರ ಹೋದೆ. ನಿದ್ದೆ ಬಗ್ಗೆ ಕೇಳಿದರು, ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ನಾನು ಬಸ್ಸು, ಮೆಟ್ರೊ, ಸಿಗ್ನಲ್ಲು ಎಲ್ಲಕ್ಕೂ ಬೈದು ಮುಗಿಸುವವರೆಗೆ ತಾಳ್ಮೆಯಿಂದ ಕೇಳಿಸಿಕೊಂಡು, ರಜೆಯಲ್ಲಿ ಮನೆಯಲ್ಲೇ ಇದ್ದಾಗ ಹೇಗಿರ್ತೀರಿ ಅಂದರು. ರಜೆಯಲ್ಲೂ ಹಾಲು ಉಕ್ಕುತ್ತಿತ್ತು. ರಜೆಯಲ್ಲೂ ಒಂದು ಕೆಲಸ ಹಿಡಿದರೆ ಮೂರು ಅರ್ಧಕ್ಕೆ ನಿಲ್ಲುತ್ತಿದ್ದವು. ಚಿಕ್ಕಂದಿನಿಂದ ನಿಮ್ಮನ್ನು ಕಂಡವರ ಜೊತೆ ಮಾತಾಡಬೇಕಲ್ಲ ಅಂದರು. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ನಡೆಸುವ ನಮ್ಮಣ್ಣನಿಗೆ ಅಲ್ಲಿಂದಲೇ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

ಅಣ್ಣ ನಕ್ಕುಬಿಟ್ಟ. "ಇವಳು ಮೊದ್ಲಿಂದ್ಲೂ ಹಿಂಗೇ ಡಾಕ್ಟ್ರೇ. ಮನೆ ಮಂದಿಯೆಲ್ಲ ಸೇರಿ ಇವಳನ್ನ ಸ್ಕೂಲಿಗೆ ಹೊರಡಿಸ್ತಿದ್ವಿ. ಕ್ಲಾಸಿಗೆ ಫಸ್ಟ್ ಬರ್ತಿದ್ಲು, ಅದಕ್ಕೇ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ."

ಆಗ ನನಗೆ ಹೊಳೆಯಿತು. ಊರಿನಲ್ಲಿ ನನ್ನ ನೆನಪನ್ನು ಬೀದಿಯೇ ಹೊತ್ತಿತ್ತು. ಪುಸ್ತಕ ಬಿಟ್ಟರೆ ಎದುರು ಅಂಗಡಿಯವರು ಕೂಗುತ್ತಿದ್ದರು, ಪರೀಕ್ಷೆ ದಿನ ಅತ್ತಿಗೆ ಪೆನ್ನು ಕೈಗಿಡುತ್ತಿದ್ದಳು. ಈ ಊರಿನಲ್ಲಿ ಅದೆಲ್ಲ ನನ್ನ ಒಬ್ಬಳ ತಲೆಗೆ ಬಿತ್ತು.

"ಇದು ಎಡಿಎಚ್‌ಡಿ. ಗಮನವನ್ನ ಬೇಕಾದ ಕಡೆ ನಿಲ್ಲಿಸೋಕೆ ಕಷ್ಟ ಆಗೋದು, ಚಿಕ್ಕಂದಿನಿಂದಲೇ ಇರುತ್ತೆ" ಅಂದರು ಡಾಕ್ಟರ್. "ರೋಡು ನಿಮ್ಮನ್ನ ಹೀಗೆ ಮಾಡ್ಲಿಲ್ಲ ಮೇಡಂ. ಇದ್ದಿದ್ದನ್ನ ಎತ್ತಿ ತೋರಿಸ್ತು, ಅಷ್ಟೇ."

ನಲವತ್ತರ ಹತ್ತಿರ ಬಂದವಳು ಅವರ ಮುಂದೆ ಮಗುವಿನ ಹಾಗೆ ಅತ್ತೆ. ಸೋಂಬೇರಿ, ಬೇಜವಾಬ್ದಾರಿ, ಮೈಮೇಲೆ ಪ್ರಜ್ಞೆ ಇಲ್ಲದವಳು ಅಂತ ನನಗೆ ನಾನೇ ಎಷ್ಟು ಬೈದುಕೊಂಡಿದ್ದೆ!

ಬೆಳಿಗ್ಗೆ ಒಂದು ಮಾತ್ರೆ ಶುರುವಾಯಿತು. ಮೊದಮೊದಲು ಹಸಿವೇ ಆಗುತ್ತಿರಲಿಲ್ಲ, ಎದೆ ಡವಡವ ಅನ್ನುತ್ತಿತ್ತು. ಡಾಕ್ಟರ್ ಬಿಪಿ ನೋಡಿ ಪ್ರಮಾಣ ಇಳಿಸಿದರು. ವಾರಕ್ಕೊಮ್ಮೆ ಕೌನ್ಸೆಲಿಂಗ್. ಇಳಿಯುವ ಸ್ಟೇಷನ್ನಿಗೆ ಮುಂಚೆ ಫೋನ್ ನಡುಗುವಂತೆ ಅಲಾರಂ, ಇರುವುದೆಲ್ಲ ಒಂದೇ ಚೀಲದಲ್ಲಿ, ಆ ಚೀಲ ಯಾವಾಗಲೂ ಹೆಗಲ ಮೇಲೆ. ಈಗಲೂ ಮರೆಯುತ್ತೇನೆ. ಆದರೆ ಯೋಚನೆ ಎಲ್ಲಿಗೋ ಹೊರಟಾಗ, ಹೊರಟಿತು ಅಂತ ಗೊತ್ತಾಗುತ್ತದೆ. ಡಾಕ್ಟರ ಪತ್ರ ಓದಿದ ಪ್ರಿನ್ಸಿಪಾಲರು ನನ್ನ ಮೊದಲ ಪೀರಿಯಡ್ ಬಿಡಿಸಿ, ಇನ್ನೊಂದು ವರ್ಷ ನೋಡೋಣ ಅಂದರು.

ಜಯಮ್ಮ ಆಂಟಿಗೆ ಇದನ್ನು ವಿವರಿಸಿ, ಏನಾದರೂ ಬಿಟ್ಟು ಹೊರಟರೆ ದಯವಿಟ್ಟು ಕೂಗಿ ಅಂತ ಕೇಳಿಕೊಂಡೆ. ಎರಡು ದಿನ ಯೋಚಿಸಿದರು. ಮಾರನೆಯ ಬೆಳಿಗ್ಗೆ ನಾನು ಮೆಟ್ಟಿಲಿಳಿಯುವ ಮೊದಲೇ ಗೇಟಿನ ಆಚೆ ಹೋಗಿ, ನನ್ನ ಕಡೆ ಮುಖ ಮಾಡಿ ನಿಂತು, ಡಬ್ಬಿ ತಗೊಂಡ್ಯಾ, ಫೋನ್ ತಗೊಂಡ್ಯಾ ಅಂತ ಶುರುಮಾಡಿದರು. ಹಿಂದಿನಿಂದ ತಾನೇ ಕರೆಯಬಾರದು! ನನಗಂತೂ ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಈ ಬೇಸಿಗೆಯಲ್ಲಿ ದಾವಣಗೆರೆಗೆ ಹೋಗಿದ್ದೆ. ಕೇಳುವ ಮೊದಲೇ ಎಲ್ಲ ಕೈಗೆ ಬರುತ್ತಿತ್ತು. ಕನ್ನಡಕ ಅತ್ತಿಗೆ ತಂದಳು, ಚಾರ್ಜರ್ ಅಣ್ಣ ತಂದ. ಎಷ್ಟು ಹಿತ ಅಂದರೆ, ಇಲ್ಲೇ ಇದ್ದುಬಿಡೋಣ ಅನ್ನಿಸಿದ್ದು ಸುಳ್ಳಲ್ಲ. ಹೊರಡುವ ದಿನ ಅಣ್ಣ ಅದನ್ನೇ ಬಾಯಿಬಿಟ್ಟು ಹೇಳಿದ: "ಯಾಕೆ ಅಷ್ಟು ಒದ್ದಾಡ್ತೀಯ? ಇಲ್ಲೇ ಒಂದು ಶಾಲೆ ನೋಡ್ಕೊ. ನಾವೆಲ್ಲ ಇದೀವಲ್ಲ."

"ಇಲ್ಲಿ ನೀವೆಲ್ಲ ಇದೀರ ಅಣ್ಣ" ಅಂದೆ. "ಅಲ್ಲಿ ನಾನೂ ಇದೀನಿ."

ರೈಲಿಗೆ ಹೊತ್ತಾಗಿತ್ತು. ನನ್ನ ಚೀಲ ಎಲ್ಲಿದೆ ಅಂತ ಹುಡುಕಲು ಎದ್ದವನು, ನನ್ನ ಮುಖವನ್ನೂ ಹೆಗಲ ಮೇಲಿದ್ದ ಚೀಲವನ್ನೂ ನೋಡಿ, ಮತ್ತೆ ಕೂತುಕೊಂಡ.