ಅರ್ಧಕ್ಕೆ ನಿಂತ ಬಣ್ಣ

ನಮ್ಮ ಮಾವನವರು ಹುಬ್ಬಳ್ಳಿಯಲ್ಲಿ ನಲವತ್ತು ವರ್ಷ ತೊಗಲಿನ ಕೆಲಸ ಮಾಡಿದವರು. ಈಚೆಗೆ ಕೈ ನಡುಗುತ್ತದೆ. ಕತ್ತರಿ, ಸೂಜಿ ಹೇಗೋ ಅವರ ಮಾತು ಕೇಳುತ್ತವೆ, ಬಣ್ಣ ಕೇಳುವುದಿಲ್ಲ. ಹಾಗಾಗಿ ಧಾರವಾಡದ ನಿವೃತ್ತ ಮಾಸ್ತರರೊಬ್ಬರು ತಮ್ಮ ತಾಯಿಯ ಹಾಡಿನ ಪುಸ್ತಕಕ್ಕೆ ತೊಗಲಿನ ಹೊದಿಕೆ ಕೇಳಿದಾಗ, ಬಣ್ಣ ಹಚ್ಚುವ ಬಟ್ಟೆ ನನ್ನ ಕೈಗೆ ಬಂತು.

"ಇದು ಕೆಟ್ಟರ ಇನ್ನ ಕೆಲಸ ಹಿಡಿಯೂದಿಲ್ಲ ಬೇಟಿ. ಸಾಕು," ಎಂದರು ಮಾವ.

ಕೆಲಸ ಬಿಟ್ಟರೆ ಅವರು ದಿನ ಹೇಗೆ ಕಳೆದಾರು ಎಂಬುದೇ ನನ್ನ ಚಿಂತೆ.

ಆಡಿನ ತೊಗಲು, ಬಹಳ ತೆಳು. ತೆಳು ತೊಗಲು ಬಣ್ಣ ಬಿದ್ದಲ್ಲೇ ಕುಡಿದುಬಿಡುತ್ತದೆ. ಅದಕ್ಕೇ ಮೊದಲು ಒದ್ದೆ ಸ್ಪಂಜಿನಿಂದ ಪೂರ್ತಿ ತೇವ ಮಾಡಬೇಕು. ಆಮೇಲೆ ಬಟ್ಟೆಯನ್ನು ಬಣ್ಣದಲ್ಲಿ ಅದ್ದಿ, ಹಿಂಡಿ, ಸಣ್ಣ ಸುತ್ತು ಹಾಕುತ್ತ ಈ ಅಂಚಿನಿಂದ ಆ ಅಂಚಿಗೆ ನಿಲ್ಲದೆ ಹೋಗಬೇಕು.

ನಾನು ನಡುವೆ ನಿಲ್ಲಿಸಿಬಿಟ್ಟೆ. ಅರ್ಧ ಆಗಿತ್ತು, ಸಂಜೆಯ ಅಜಾನ್ ಕೇಳಿಸಿತು. ಚಿಕ್ಕಂದಿನ ರೂಢಿ, ಮೊಣಕೈಯಿಂದಲೇ ಸೆರಗು ತಲೆಗೆ ಎಳೆದುಕೊಂಡು ಸುಮ್ಮನೆ ಕುಳಿತೆ. ಅಜಾನ್ ಮುಗಿದು ನೋಡಿದರೆ ಬಣ್ಣದ ಅಂಚು ಒಣಗಿತ್ತು. ಮುಂದುವರಿಸಿದೆ, ನಡುವೆ ಕಪ್ಪು ಗೆರೆ ಎದ್ದಿತು. ಉಜ್ಜಿದೆ, ಇನ್ನೂ ಕಪ್ಪಾಯಿತು.

ಮಸೀದಿಯಿಂದ ಬಂದ ಮಾವ ತೊಗಲನ್ನೂ ನನ್ನ ಮುಖವನ್ನೂ ನೋಡಿದರು.

"ಅಜಾನ್ ಆತು ಅಂತ ಕೈ ನಿಲ್ಲಿಸಿದೆ, ಅಬ್ಬಾ," ಎಂದೆ ಮಾವನಿಗೆ.

"ಅಲ್ಲಾಹನಿಗೆ ಆಗ ನಿನ್ನ ಕಿವಿ ಸಾಕಾಗಿತ್ತಲ್ಲ? ಕೈ ಯಾಕ ನಿಲ್ಲಿಸಿದಿ?" ಎಂದು ನಕ್ಕೇ ಬಿಟ್ಟರು. "ಹೋಗಲಿ, ನೀರ ತಾ. ಗೆರಿ ಒಂದ ತಿಕ್ಕಬ್ಯಾಡ, ಪೂರಾ ತೊಗಲು ತೋಯಸು."

ತೋಯಿಸಿದೆ. ಬಣ್ಣಕ್ಕೆ ನೀರು ಬೆರೆಸಿ ತೆಳುವಾಗಿ ಒಂದು ಕೈ ಹಚ್ಚಿದೆ. ಅದು ಆರಿದ ಮೇಲೆ ಅಡ್ಡಡ್ಡ ಇನ್ನೊಂದು. ಅವರು ಪಕ್ಕದಲ್ಲೇ ಕುಳಿತು "ಹಗೂರಕ, ಹಗೂರಕ" ಎನ್ನುತ್ತಿದ್ದರು. ಮೂರನೆಯದಕ್ಕೆ ಗೆರೆ ಮುಳುಗಿತು. ಆದರೆ ಮಾಸ್ತರರು ಕೇಳಿದ್ದು ಜೇನಿನ ಬಣ್ಣ, ಇದು ಖರ್ಜೂರದ ಬಣ್ಣವಾಗಿತ್ತು.

ಹೊದಿಕೆ ಒಯ್ಯಲು ಮಾಸ್ತರರು ಬಂದ ದಿನ ಮುಚ್ಚಿಡಲು ಮನಸ್ಸಾಗಲಿಲ್ಲ. "ಬಣ್ಣ ಗಾಢ ಆಗೇತ್ರಿ ಸರ. ತಪ್ಪು ನಂದು. ನಡುವ ಗೆರಿ ಬಿದ್ದಿತ್ತು," ಎಂದೆ.

ಅವರು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮಾವ ನೆಲ ನೋಡುತ್ತಿದ್ದರು.

"ಗೆರಿ ಎಲ್ಲೈತ್ರಿ ತಂಗಿ? ಕನ್ನಡಕ ಹಾಕೇನಿ, ಕಾಣವಲ್ದು."

ನನಗೂ ತೋರಿಸಲಾಗಲಿಲ್ಲ.

"ಇರಲಿ ಬಿಡ್ರಿ. ಅವ್ವನ ಪುಸ್ತಕ, ಗಾಢನ ಛಲೋ." ಚೀಲದಿಂದ ಇನ್ನೊಂದು ಪುಸ್ತಕ ತೆಗೆದರು. "ಇದು ನಂದು. ಇದಕ್ಕರ ಜೇನಿನ ಬಣ್ಣ ಹಚ್ರಿ ಮತ್ತ. ಯಾವಾಗ ಕೊಡ್ತೀರಿ?"

ಮಾವ ನನ್ನತ್ತ ನೋಡಿದರು. ಬೇಡವೆನ್ನಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಅಷ್ಟು ಸಾಕಾಯಿತು ನನಗೆ.

"ಮುಂದಿನ ಶನಿವಾರ ಬರ್ರಿ ಸರ," ಎಂದೆ.

"ಶನಿವಾರ ಅಂದ್ರ ಶನಿವಾರ," ಎಂದು ಮಾವ ಆಗಲೇ ಅಳತೆಯ ಟೇಪು ಹುಡುಕುತ್ತಿದ್ದರು.