ಆಪರೇಟರಮ್ಮನ ಮೋಡೆಮ್

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷ ಬೋರ್ಡಿಗೆ ತಂತಿ ಚುಚ್ಚಿ ಊರನ್ನೆಲ್ಲ ಮಾತಾಡಿಸಿದವಳಿಗೆ ಬೀದಿಯಲ್ಲಿ ಆಪರೇಟರಮ್ಮ ಎಂದೇ ಹೆಸರು. ಕರೆಯನ್ನು ತಾನೇ ಜೋಡಿಸುವ ಯಂತ್ರ ಅಲ್ಲಿಗೆ ಬಂತು, ಇವಳು ಮನೆಗೆ ಬಂದಳು. ಗಂಡನಿಲ್ಲದ ಮನೆಯಲ್ಲಿ ಅವಳು, ಅವಳ ಅತ್ತೆ. ಪತ್ರಿಕೆಯೊಂದರವರು ಜಾಹೀರಾತು ಟೈಪು ಮಾಡಿ ಮನೆಯಿಂದಲೇ ಕಳಿಸುವ ಕೆಲಸ ಕೊಟ್ಟರು. ಯಾವುದೋ ಕಚೇರಿ ಹೊರಹಾಕಿದ ಕಂಪ್ಯೂಟರ್ ಟರ್ಮಿನಲ್ಲನ್ನೂ, ಟೈಪಾದದ್ದನ್ನು ಫೋನ್ ತಂತಿಯಲ್ಲಿ ಸಾಗಿಸುವ ಹಳೇ ಮೋಡೆಮ್ಮನ್ನೂ ಅಗ್ಗಕ್ಕೆ ತಂದು, ಊಟದ ಮೇಜಿನ ಮೇಲೆ ಫೋನಿನ ಪಕ್ಕದಲ್ಲೇ ಹೂಡಿದಳು.

ಮೊದಲ ಎರಡು ದಿನವೂ ಪುಟಗಳು ಅರ್ಧ ದಾರಿಯಲ್ಲೇ ಕಡಿದುಹೋದವು. ಇನ್ನೊಂದು ಸಲ ನಾಲ್ಕು ಗಂಟೆಯೊಳಗೆ ಬರದಿದ್ದರೆ ಕೆಲಸ ಬೇರೆಯವರಿಗೆ ಎಂದು ಪತ್ರಿಕೆಯ ಮ್ಯಾನೇಜರು ಹೇಳಿಬಿಟ್ಟರು. ರಿಪೇರಿಯವನು ಬಿಚ್ಚಿ ನೋಡಿ, ಯಂತ್ರ ಸರಿಯಾಗೇ ಇದೆ, ಪುಟ ಹೋಗುವಾಗ ಯಾರೋ ರಿಸೀವರ್ ಎತ್ತುತ್ತಿದ್ದಾರೆ, ಅದಕ್ಕೇ ಕಡಿಯುತ್ತಿದೆ ಎಂದ. ಮನೆಯಲ್ಲಿರುವುದೇ ಇಬ್ಬರು. ತಾನಂತೂ ಅಲ್ಲ. ಇಬ್ಬರ ಅನ್ನಕ್ಕೂ ಕಲ್ಲು ಹಾಕುತ್ತಿದ್ದೀರಿ ಎಂದು ಅತ್ತೆಯ ಮೇಲೆ ಹರಿಹಾಯ್ದಳು.

ಮರುದಿನ ಮೂರೂವರೆಗೆ ಗುಂಡಿ ಒತ್ತಿದಳು. ಮೋಡೆಮ್ ಒಮ್ಮೆ ಕಿರುಚಿ ಸುಮ್ಮನಾಯಿತು. ಇನ್ನು ಕಾಯುವುದೊಂದೇ ಕೆಲಸ. ಪುಟ ಹೋಗುತ್ತಿದೆಯೋ, ಲೈನೇ ಸತ್ತಿದೆಯೋ, ತಿಳಿಯುವುದು ಹೇಗೆ? ಅಷ್ಟರಲ್ಲಿ ಮಣಿಕಟ್ಟನ್ನು ಯಾರೋ ಬಿಗಿಯಾಗಿ ಹಿಡಿದರು. ನೋಡಿದರೆ ಅತ್ತೆ. ತನ್ನ ಕೈ ರಿಸೀವರಿನ ಮೇಲಿತ್ತು, ಎತ್ತುವುದೊಂದೇ ಬಾಕಿ.

"ಎರಡು ದಿನಾನೂ ನೀನೇ ಎತ್ತಿದ್ದು," ಅತ್ತೆ ಮೆಲ್ಲಗೆ ಅಂದರು. "ಎತ್ತಿ, ಕೇಳಿ, ಇಟ್ಟುಬಿಡ್ತೀಯ. ನಿನಗೇ ಗೊತ್ತಾಗಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಂಬ್ತಿದ್ದೆಯಾ?"

ನಂಬುತ್ತಿರಲಿಲ್ಲ. ಕರೆ ಜೋಡಿಸಿದ ಮೇಲೆ ನಡುವೆ ಒಮ್ಮೆ ಕಿವಿಗೊಟ್ಟು ಲೈನು ನೋಡುವುದು ಎಕ್ಸ್‌ಚೇಂಜಿನ ನಿಯಮ, ನೋಡದಿದ್ದರೆ ಬೈಗುಳ. ಹುಟ್ಟುಗುಣ ಸುಟ್ಟರೂ ಹೋಗದಂತೆ. ಬೈಸಿಕೊಂಡು ಕಲಿತ ಗುಣವೂ ಅಷ್ಟೇ. ಅವಳಿಗೀಗ ಪತ್ರಿಕೆಯವರಿಗಿಂತ, ಮ್ಯಾನೇಜರಿಗಿಂತ ತನ್ನ ಕೈಯನ್ನು ಕಂಡೇ ಹೆಚ್ಚು ಭಯವಾಯಿತು.

"ಬಿಡಬೇಡಿ ಅತ್ತೆ," ಅಂದಳು.

ಅತ್ತೆ ಆ ಕೈಯನ್ನು ಮಡಿಲಿಗೆ ಎಳೆದುಕೊಂಡು ಎರಡೂ ಕೈಯಲ್ಲಿ ಅದುಮಿ ಕೂತರು. ನಾಲ್ಕಕ್ಕೆ ಐದು ನಿಮಿಷವಿರುವಾಗ, ಪುಟಗಳು ತಲುಪಿದವು ಎಂದು ಪರದೆಯ ಮೇಲೆ ಬಂತು. ಅಷ್ಟರಲ್ಲಿ ಆ ಕೈ ಮೂರು ಸಲ ಫೋನಿನತ್ತ ಜಗ್ಗಿತ್ತು.